ಕಾಂಚನಳ ಕಾಲಿಗೂ ಬೋರಿನ ನೀರಿಗೂ ಏನು ಸಂಬಂಧ?

ಮೊದಲೇ ಹೇಳಿಬಿಡುತ್ತೇನೆ, ಈ ಕಥೆ ಹೇಳುವಾಗ ನನಗೆ ಸಿಟ್ಟು ತಡೆಯುವುದಿಲ್ಲ. ಚಪಳಗಾಂವದ ತುಕಾರಾಮನ ಹೊಲದಲ್ಲಿ ಎಲ್ಲಿ ಬೋರು ಕೊರೆಸಿದರೂ ಬರೀ ಧೂಳು. ದನಗಳಿಗೆ ನೀರಿಲ್ಲ, ಮನೆಗೆ ಟ್ಯಾಂಕರೇ ಗತಿ. ಬೈಗುಳವೆಲ್ಲ ಮಾತ್ರ ಸೊಸೆ ಕಾಂಚನಳಿಗೆ.

ಯಾಕೆ ಗೊತ್ತೇ? ಅವಳು ಪಾಯಾಳು. ಅಂದರೆ ಕಾಲು ಮುಂದಾಗಿ ಹುಟ್ಟಿದವಳು. ಅಂಥವರಿಗೆ ನೆಲದೊಳಗಿನ ನೀರು ತಿಳಿಯುತ್ತದೆಂದು ನಮ್ಮ ಕಡೆ ನಂಬಿಕೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಸುಡುವ ಬಿಸಿಲಲ್ಲಿ ಬರಿಗಾಲಲ್ಲಿ ಹೊಲ ಸುತ್ತಬೇಕು. ಕಾಯಿ ಎದ್ದು ನಿಂತಲ್ಲಿ ಬೋರು. ನೀರು ಬೀಳದಿದ್ದರೆ ಕಾಯಿಗೆ ಯಾರೂ ಬೈಯುವುದಿಲ್ಲ. "ಕೆಟ್ಟ ಕಾಲಿನಾಕಿ" ಎಂದು ಅವಳಿಗೆ ಬೈಯುತ್ತಾರೆ!

ಈ ಬೇಸಿಗೆಯಲ್ಲಿ ತುಕಾರಾಮ ಮತ್ತೆ ತೆಂಗಿನಕಾಯಿ ತಂದ. ಹಿಂದಿನ ಸುತ್ತಿನಲ್ಲಿ ಕಾಂಚನಳ ಅಂಗಾಲಿಗೆ ಎದ್ದ ಬೊಬ್ಬೆ ಇನ್ನೂ ವಾಸಿಯಾಗಿರಲಿಲ್ಲ. ಅತ್ತೆ ಅಂಜನಾಬಾಯಿಗೆ ತಲೆ ಕೆಟ್ಟುಹೋಯಿತು. ಸೋಲಾಪುರದ ಭೂಜಲ ಕಚೇರಿಯಲ್ಲಿ ಕೆಲಸ ಮಾಡುವ ತಂಗಿಯ ಮಗಳು ನೀಲಗಂಗಾಳಿಗೆ ಫೋನು ಹಚ್ಚಿ ಕರೆಸಿದಳು.

ನೀಲಗಂಗಾ ಬಂದವಳೇ ಮೊಬೈಲಿನಲ್ಲಿ ನಕಾಶೆ ತೆರೆದಳು. "ಕಾಕಾ, ಇದು ಉಪಗ್ರಹ ಮ್ಯಾಲಿಂದ ತಗದ ಫೋಟೊ. ಇದ ನೋಡ್ರಿ ನಿಮ್ಮ ಹೊಲ."

ತುಕಾರಾಮ ನಕ್ಕ. "ಆಕಾಶದಾಗಿನ ಯಂತ್ರಕ್ಕ ನೆಲದಾಗಿನ ನೀರು ಹ್ಯಾಂಗ ಕಾಣತದವ್ವಾ?"

"ನೀರು ಕಾಣಂಗಿಲ್ಲರಿ, ನೀರಿನ ಗುರ್ತು ಕಾಣತದ. ನಮ್ಮದು ಕರಿಕಲ್ಲಿನ ನೆಲ. ಕಲ್ಲು ಬಿರುಕು ಬಿಟ್ಟಲ್ಲೇ ನೀರು ನಿಲ್ಲೂದು ಹೆಚ್ಚು. ಹಳ್ಳದ ಕಡಿ ಈ ಗೆರಿ ನೋಡ್ರಿ, ನೆಟ್ಟಗ ಹೋಗ್ಯದ. ಬ್ಯಾಸಗ್ಯಾಗೂ ಅಲ್ಲಿ ಹಸರ ಉಳದದ. ಇಳಕಲು, ಮಣ್ಣು, ಕಲ್ಲು, ಎಲ್ಲಾ ನಕಾಶಾ ಒಂದರ ಮ್ಯಾಲ ಒಂದ ಇಟ್ಟು ನೋಡೀನಿ. ನೀವು ಕೊರಸಿದ್ದೆಲ್ಲಾ ದಿಬ್ಬದ ಗಟ್ಟಿ ಕಲ್ಲಿನ ಮ್ಯಾಲ."

"ಹಂಗಾರ ಹಳ್ಳದ ಕಡಿ ನೀರು ಬಂದೇ ಬರತದೇನು?"

"ಖಾತ್ರಿ ಕೊಡಂಗಿಲ್ಲ ಕಾಕಾ. ಮೊದಲ ಮಷೀನ ಹಚ್ಚಿ ನೆಲಾ ತಪಾಸ ಮಾಡೂಣು. ಆಮ್ಯಾಲ ಬೋರು."

"ತಪಾಸ ಮಾಡಸ್ರಿ! ಇಲ್ಲಾಂದ್ರ ಈ ಸಲ ನೀವೇ ಬರಿಗಾಲಲೆ ತಿರಗ್ರಿ!" ಎಂದು ಗುಡುಗಿದ ಅಂಜನಾಬಾಯಿ ಗಂಡನ ಕೈಯಿಂದ ತೆಂಗಿನಕಾಯಿ ಕಸಿದುಕೊಂಡಳು. ಅದನ್ನು ಒಡೆದು ಚಟ್ನಿ ಅರೆದಳು.

ತಪಾಸಣೆಯಾಯಿತು. ಹಳ್ಳದ ಅಂಚಿನಲ್ಲಿ ಕೊರೆಸಿದರು. ನೀರು ಬಂತು! ತುಕಾರಾಮ ಕುಣಿದಾಡಿಬಿಟ್ಟ. "ನಮ್ಮ ಸೊಸಿ ಕಾಲಿನ ಗುಣ! ಬರ್ರಿ, ಪಾದಪೂಜಿ ಮಾಡೂಣು!"

ಕಾಂಚನ ಕೆಂಡಾಮಂಡಲವಾದಳು. "ಮಾವಾರ, ಈ ಕಡಿ ನಾ ಕಾಲೇ ಇಟ್ಟಿಲ್ಲ. ಇವತ್ತ ಪೂಜಿ ಮಾಡತೀರಿ, ನಾಳಿ ನೀರು ಕಡಿಮಿ ಆದ್ರ ಮತ್ತ ಬೈತೀರಿ. ನನಗ ಎರಡೂ ಬ್ಯಾಡ."

ಊರ ಮಂದಿಯೆಲ್ಲ ನೋಡುತ್ತಿದ್ದರು. ತುಕಾರಾಮ ಅವರೆದುರಿಗೇ ಹೇಳಿದ, "ತಪ್ಪಾತವ್ವಾ. ಇನ್ನ ಆ ಮಾತು ನಮ್ಮ ಮನ್ಯಾಗ ಇಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಬೋರಿನ ಗಾಡಿ ಕರೆಸುವ ಮೊದಲು ಭೂಜಲ ಕಚೇರಿಗೆ ಹೋಗಿ ನಿಮ್ಮ ಊರಿನ ನಕಾಶೆ ಕೇಳಿ. ನೆಲ ತಪಾಸಣೆ ಮಾಡಿಸಿ. ನೀರು ಸಿಕ್ಕರೆ ಮಳೆನೀರನ್ನು ಅಲ್ಲೇ ಇಂಗಿಸಿ, ಇಲ್ಲದಿದ್ದರೆ ಆ ಬೋರೂ ಬತ್ತುತ್ತದೆ. ಪಾಯಾಳು ಎಂದು ಯಾರನ್ನೂ ಬಿಸಿಲಲ್ಲಿ ನಡೆಸಬೇಡಿ. ಹಾಗೆ ನಡೆಸಿ, ಬೈದು, ಅಳಿಸಿದ ಹೆಣ್ಣುಮಗಳು ನಿಮ್ಮ ಮನೆಯಲ್ಲೂ ಇದ್ದರೆ, ಇವತ್ತೇ ಅವಳ ಕ್ಷಮೆ ಕೇಳಿ.