ಹಾಜರಿ ತುಂಬಿದ ಐದು ತಿಂಗಳು

ಟೀಚರಮ್ಮನದು ಬಲು ಮೆದು ಮನಸ್ಸು. ಅದೇ ಮೆದು ಮನಸ್ಸು ಒಂದು ಹುಡುಗಿಯ ಓದನ್ನು ನುಂಗಿ ನೀರು ಕುಡಿಯಿತು ನೋಡಿ.

ಏಳನೇ ಕ್ಲಾಸಿನ ಆ ಹುಡುಗಿಗೆ ಲೆಕ್ಕದ ಪುಟ್ಟಿ ಎಂದೇ ಹೆಸರು. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಅವಳ ಬಾಯಲ್ಲಿರುತ್ತಿತ್ತು. ಅವಳಿಗೊಬ್ಬ ತಮ್ಮ ಹುಟ್ಟಿದ, ಅಮ್ಮ ಹಾಸಿಗೆ ಹಿಡಿದಳು. ಇಸ್ತ್ರಿ ಅಂಗಡಿಯ ಅಪ್ಪ ಕೂಸನ್ನು ನೋಡಿಕೊಳ್ಳಲು ಮಗಳನ್ನು ಮನೆಯಲ್ಲೇ ಉಳಿಸಿಕೊಂಡ. ಹತ್ತು ದಿನ ಸತತವಾಗಿ ಬರದಿದ್ದರೆ ಮನೆಗೆ ನೋಟೀಸು ಹೋಗಬೇಕು, ಅದು ನಿಯಮ. ಒಂಬತ್ತನೇ ದಿನ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ಕೈಮುಗಿದು ನಿಂತ.

“ಒಂದ್ ತಿಂಗಳು ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ. ನೋಟೀಸು ಗೀಟೀಸು ಅಂದ್ರೆ ನನ್ ಕೈಕಾಲೇ ಆಡಲ್ಲ.”

ಟೀಚರಮ್ಮನ ಕರುಳು ಚುರುಕ್ಕೆಂದಿತು. “ಹೆದರ್ಬೇಡಪ್ಪ, ನಾನ್ ನೋಡ್ಕೋತೀನಿ” ಎಂದರು. ಅಂದಿನಿಂದ ಪುಟ್ಟಿಯ ಹೆಸರಿನ ಮುಂದೆ ದಿನವೂ ಹಾಜರಿ. ಒಂದು ತಿಂಗಳು ಐದಾಯಿತು. ಅಲ್ಲ, ಒಂದು ಸಲವಾದರೂ ಆ ಮನೆಯ ಕಡೆ ತಲೆ ಹಾಕಬಾರದಿತ್ತೇ? ಹಾಕಲಿಲ್ಲ. ಉಪಕಾರ ಮಾಡಿದೆನೆಂಬ ನೆಮ್ಮದಿಯಲ್ಲೇ ಇದ್ದುಬಿಟ್ಟರು.

ಹಾಜರಿ ಭರ್ತಿಯಾಗಿದ್ದರಿಂದ ಪುಟ್ಟಿ ವಾರ್ಷಿಕ ಪರೀಕ್ಷೆಗೆ ಕೂತಳು. ಫೇಲಾದರೆ ಶಾಲೆ ಬಂದ್ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಅವಳು ಗಣಿತದ ಪತ್ರಿಕೆಯನ್ನು ಮೂರು ಸಲ ತಿರುವಿ ಹಾಕಿ ಪೆನ್ನು ಕೆಳಗಿಟ್ಟಳು. ಟೀಚರಮ್ಮ ಹತ್ತಿರ ಬಂದು ಬಗ್ಗಿದರು.

“ಮೇಡಂ, ಲೆಕ್ಕದಲ್ಲಿ ಅಕ್ಷರ ಯಾಕಿದೆ?”

ಅಯ್ಯೋ ದೇವರೇ! ಅಕ್ಷರ ಇಟ್ಟು ಮಾಡುವ ಲೆಕ್ಕವನ್ನು ಕ್ಲಾಸಿಗೆ ಕಲಿಸಿ ನಾಲ್ಕು ತಿಂಗಳಾಗಿತ್ತು. “ಗೊತ್ತಿರೋಷ್ಟು ಬರಿ ಕಂದಾ” ಎಂದರು ಟೀಚರಮ್ಮ. ಗಂಟೆ ಹೊಡೆದಾಗ ಹಾಳೆಯ ಮೇಲೆ ಅವಳ ನಂಬರೊಂದೇ ಇತ್ತು.

ಹೊರಗೆ ವರಾಂಡದಲ್ಲಿ ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಟೀಚರಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು.

“ನೋಟೀಸು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ತಮ್ಮನ್ನ ಎತ್ಕೊಂಡು ಬಾಗ್ಲಲ್ಲೇ ಕಾಯ್ತಿದ್ದೆ ಮೇಡಂ. ಬಂದಿದ್ರೆ ಅಪ್ಪ ಹೆದ್ರಿ ನನ್ನ ಕಳಿಸ್ಬಿಡ್ತಿದ್ದ. ನಾನ್ ಬರ್ತಿಲ್ಲ ಅಂತ ನಿಮಗೆ ಗೊತ್ತೇ ಆಗ್ಲಿಲ್ವಾ?”

ನಿಜ ಹೇಳಲು ಟೀಚರಮ್ಮನಿಗೆ ಧೈರ್ಯ ಸಾಲಲಿಲ್ಲ.

“ಇಲ್ಲ ಪುಟ್ಟಿ. ಗೊತ್ತಾಗ್ಲಿಲ್ಲ.”

ಹುಡುಗಿ ನಂಬಿಬಿಟ್ಟಳು. ತಾನು ಐದು ತಿಂಗಳು ಇಲ್ಲದಿದ್ದುದು ಅಷ್ಟು ದೊಡ್ಡ ಶಾಲೆಯಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲವೆಂದು ನಂಬಿ, ಸರಿ ಎಂದು ತಲೆಯಾಡಿಸಿ, ತಮ್ಮ ಎದ್ದಿರುತ್ತಾನೆಂದು ಮನೆಗೆ ಓಡಿದಳು.