ಸೂಲಗಿತ್ತಿ ಮೇಷ್ಟ್ರ ಗೆಲಾಕ್ಸಿ

ಸಂಶೋಧನಾಲಯದಲ್ಲಿ ಮಾಮನಿಗೆ ‘ಸೂಲಗಿತ್ತಿ ಮೇಷ್ಟ್ರು’ ಅಂತಲೇ ಹೆಸರು. ಮೊಟ್ಟೆಯಾಕಾರದ ಗೆಲಾಕ್ಸಿ ಎಂದರೆ ಮುದಿ ನಕ್ಷತ್ರಗಳ ಬೀಡು, ಅಲ್ಲಿ ತೊಟ್ಟಿಲು ಕಟ್ಟುವ ಮಾತೇ ಇಲ್ಲ ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದಾಗ, ಅಂಥದೊಂದರಲ್ಲಿ ಎಳೆಯ ನಕ್ಷತ್ರಗಳನ್ನು ತೋರಿಸಿದವರು ಅವರು ಮತ್ತು ಅವರ ಹೆಂಡತಿ, ಈಗ ತೀರಿಕೊಂಡಿರುವ ಅತ್ತೆ. ನಾಳೆ ಮಾಮನ ನಿವೃತ್ತಿ ಭಾಷಣ. ವಿಷಯ ಅದೇ ಗೆಲಾಕ್ಸಿ.

ಅಲ್ಲೇ ಕೆಲಸಕ್ಕಿದ್ದ ಸೋದರಸೊಸೆ, ಭಾಷಣಕ್ಕೆ ಚಿತ್ರ ಚೊಕ್ಕಟವಾಗಿರಲಿ ಎಂದು ಹಳೆಯ ಅಳತೆಗಳನ್ನು ತೆಗೆದು ಮತ್ತೆ ಲೆಕ್ಕಕ್ಕೆ ಕೂತಳು. ಇರುವೆ ಬಿಟ್ಟುಕೊಂಡಂತಾಯಿತು.

ಗೆಲಾಕ್ಸಿಯ ಬಣ್ಣ ನಂಬುವ ಹಾಗಿಲ್ಲ. ಮುಪ್ಪಾದರೂ ಕೆಂಪು, ನಕ್ಷತ್ರಗಳಲ್ಲಿ ಕಬ್ಬಿಣದಂಥ ಲೋಹ ಹೆಚ್ಚಿದ್ದರೂ ಕೆಂಪು. ವಯಸ್ಸಿನ ಗುಟ್ಟು ಬಿಡುವುದು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ ಜಲಜನಕ ಕೊರೆದ ಕಪ್ಪು ಗೆರೆ: ಆಳವಿದ್ದಷ್ಟೂ ಎಳೆಯ ನಕ್ಷತ್ರಗಳು. ಆದರೆ ಅಳೆಯುವ ಮೊದಲು ನಮ್ಮ ಆಕಾಶದ್ದೇ ಮಿನುಗನ್ನು ಲೆಕ್ಕದಿಂದ ಕಳೆಯಬೇಕು. ಈ ಗೆಲಾಕ್ಸಿಯ ಗೆರೆ ಬಂದು ಕೂತಿದ್ದದ್ದು ಸರಿಯಾಗಿ ಆಕಾಶದ ಹಸಿರು ಮಿನುಗಿನ ಮೇಲೆ. ಆಗ ಅದನ್ನು ಒಂದಿಷ್ಟು ಹೆಚ್ಚೇ ಕಳೆದಿದ್ದರು. ಗೆಲಾಕ್ಸಿಯದೇ ಬೆಳಕೂ ಜೊತೆಗೆ ಹೋಗಿ ಗೆರೆ ಆಳವಾಗಿತ್ತು, ಮುದುಕಿ ಬಸುರಿಯಾಗಿದ್ದಳು.

ಮಾಮ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಹುರಿ ಬಿಗಿಯುತ್ತಿದ್ದರು.

“ಬಾ ಪುಟ್ಟಿ, ಈ ಗಂಟಿನ ಮೇಲೆ ಬೆರಳಿಡು. ಯಾಕೆ, ಮುಖ ಹರಳೆಣ್ಣೆ ಕುಡಿದ ಹಾಗಿದೆ?”

ಅವಳು ಹಾಳೆ ಚಾಚಿದಳು. ಮಾಮ ಕನ್ನಡಕ ಹಣೆಗೇರಿಸಿ, ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಹುರಿ ಸಡಿಲವಾಯಿತು.

“ಎರಡು ಸಲ ನೋಡಿದ್ಯಾ?”

“ಬೇರೆಬೇರೆ ರೀತೀಲೂ ನೋಡ್ದೆ ಮಾಮ. ಅಲ್ಲಿ ಎಳೇದು ಒಂದೂ ಇಲ್ಲ. ಬರೀ ಲೋಹ, ಬರೀ ಮುಪ್ಪು.”

“ಆಕಾಶ ಕಳೀತಿದ್ದದ್ದು ನಿಮ್ಮತ್ತೆ.” ಅವರು ಕಿಟಕಿಯತ್ತ ನೋಡಿದರು. “ಅವಳ ಕೈ ಅಂದ್ರೆ ತಕ್ಕಡಿ ಅಂತಿದ್ದೆ ನಾನು. ಎಲ್ಲರ ಮುಂದೆ ಅಂತಿದ್ದೆ.”

“ನಾಳೆ ಬೇರೆ ವಿಷಯ ಮಾತಾಡಿ ಮಾಮ. ಯಾರು ಕೇಳ್ತಾರೆ?”

“ಇವತ್ತು ನೀನು ಕಂಡೆ, ನಾಳೆ ಇನ್ನೊಬ್ಬ ಕಾಣ್ತಾನೆ. ಕಂಡೋನು ಅವಳ ಹೆಸರು ಎತ್ತಿ ಆಡ್ತಾನೆ. ಅದಕ್ಕೇ ನಾಳೆ ತಪ್ಪು ನಾನೇ ಹೇಳಿ, ಕಳೆದ ಕೈ ನಂದೇ ಅಂತೀನಿ. ನೀನು ತುಟಿ ಬಿಚ್ಚಬೇಡ.”

“ಒಂದು ಸುಳ್ಳು ತೆಗೆದು ಇನ್ನೊಂದು ಇಡ್ತೀರಾ?”

“ಇಡ್ತೀನಿ ಕಣೇ. ಇಷ್ಟು ವರ್ಷ ಅವಳ ಕೈಯಿಂದ ಉಂಡ ಹೆಸರು ಇದು.”

ಮರುದಿನ ಸಭಾಂಗಣ ತುಂಬಿತ್ತು. ಮಾಮ ಹಳೆಯ ಗೆರೆ ತೋರಿಸಿದರು, ಪಕ್ಕದಲ್ಲೇ ಹೊಸದನ್ನೂ. “ಆಕಾಶವನ್ನ ಹೆಚ್ಚು ಕಳೆದುಬಿಟ್ಟೆ. ನನ್ನ ಹೆಂಡತಿ ಬೇಡ ಅಂದಿದ್ಲು, ನಾನೇ ಕೇಳ್ಲಿಲ್ಲ,” ಎಂದರು. ಸುಳ್ಳಿಗೆ ಅಷ್ಟು ಒಗ್ಗರಣೆ ಬೀಳುತ್ತದೆಂದು ಸೊಸೆಗೂ ಗೊತ್ತಿರಲಿಲ್ಲ.

ಹಿಂದಿನ ಸಾಲಿನಿಂದ ಮಾಮನ ಹಳೆಯ ಜೊತೆಗಾರನ ದನಿ ಬಂತು: “ಅಲ್ರೀ ಮೇಷ್ಟ್ರೇ, ಹೆಂಡ್ತಿ ಮಾತು ಕೇಳಿದ್ರೆ ನಾವೆಲ್ಲ ಇಷ್ಟು ವರ್ಷ ಖಾಲಿ ತೊಟ್ಟಿಲು ತೂಗೋದು ತಪ್ತಿತ್ತಲ್ಲ!”

ಸಭೆ ಗೊಳ್ಳೆಂದಿತು. ಮಾಮನೂ ನಗಲು ನೋಡಿದರು; ಬಾಯಿ ತೆರೆಯಿತು, ನಗು ಬರಲಿಲ್ಲ. ಸೊಸೆ ತುಟಿ ಕಚ್ಚಿಕೊಂಡು ಕೂತಿದ್ದಳು. ಪರದೆಯ ಮೇಲೆ ಗೆರೆಗಳೆರಡೂ ಹಾಗೇ ಇದ್ದವು. ಯಾರೋ ದೀಪ ಹಾಕಿದರು.