ಗಂಟಾಸುರನಿಗೆ ಕಾಲಿಲ್ಲ

ಆ ವಾಡೆಯಲ್ಲಿ ಯಾರ ಮನೆಯಲ್ಲೂ ಇಲಿ ಸಾಯುತ್ತಿರಲಿಲ್ಲ. ಸತ್ತರೆ ಅದು ಯಾವಾಗಲೂ ಪಕ್ಕದ ಮನೆಯದು.

ಪುಣೆಯ ರವಿವಾರ ಪೇಟೆಯ ಹಳೆಯ ವಾಡೆ ಅದು. ನಡುವೆ ಕಲ್ಲುಹಾಸಿನ ಅಂಗಳ, ಸುತ್ತಲೂ ಬಾಡಿಗೆಯ ಸಂಸಾರಗಳು, ಎಲ್ಲರಿಗೂ ಒಂದೇ ಬಾವಿ. ಚಳಿಗಾಲದ ಹಿಂದೆಯೇ ಪ್ಲೇಗು ಬರುತ್ತಿದ್ದ ವರ್ಷಗಳು. ಮೊದಲು ಇಲಿಗಳು ಬೀಳುತ್ತಿದ್ದವು, ಆಮೇಲೆ ಮನುಷ್ಯರು. ಇಲಿ ಬಿದ್ದ ಮನೆಯವರು ಗಂಟುಮೂಟೆ ಕಟ್ಟಿ ಊರ ಹೊರಗೆ ಗುಡಿಸಲು ಹಾಕಬೇಕು. ಅದು ಯಾರಿಗೆ ಬೇಕು? ಆದ್ದರಿಂದ ಸತ್ತ ಇಲಿ ಕಂಡರೆ ಯಾರೂ ಏಳುವ ಮುಂಚೆ ಅದನ್ನು ಇನ್ನೊಬ್ಬರ ಹೊಸ್ತಿಲಿಗೆ ಸರಿಸಿಬಿಡುವುದು ವಾಡೆಯ ರೂಢಿಯಾಗಿತ್ತು. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮರಾಠಿ ಮಾತು: "ಆಮಚಾ ನಾಹೀ." ನಮ್ಮದಲ್ಲ.

ಈ ವಾಡೆಯ ಕೆಳಮನೆಯಲ್ಲಿ ಬೆಳಗಾವಿ ಕಡೆಯ ಮೆಣಸಿನಕಾಯಿ ವ್ಯಾಪಾರಿ ಸಿದ್ರಾಮಪ್ಪನ ಸಂಸಾರವಿತ್ತು. ಹೆಂಡತಿ ಚನ್ನಬಸವ್ವ, ಮುದಿತಾಯಿ ಬಸವಣ್ಣೆವ್ವ, ಮಗಳು ಪಾರವ್ವ, ಆಗಷ್ಟೇ ಅಂಬೆಗಾಲಿಡುತ್ತಿದ್ದ ಗಂಡುಕೂಸು ಕಾಡಪ್ಪ. ಮುದಿತಾಯಿಯನ್ನು ಮಕ್ಕಳು ಆಯಿ ಎನ್ನುತ್ತಿದ್ದರು. ಮನೆಯಲ್ಲಿ ಆಯಿಯ ಮಾತಿಗೆ ಎದುರಿರಲಿಲ್ಲ.

ಪಾರವ್ವನಿಗೆ ಮಾತ್ರ ಆ ವಾಡೆಯ ಕೆಳಗೆ ಇನ್ನೊಂದು ಪೇಟೆ ಇದೆ ಎಂದು ಗೊತ್ತಿತ್ತು. ಪಾತಾಳಪೇಟೆ. ಜೋಳ ತುಂಬಿಟ್ಟ ಕತ್ತಲೆ ಕೋಣೆಯಲ್ಲಿ, ಚೀಲಗಳ ಹಿಂದಿನ ಗೋಡೆಯ ಬಿಲವೇ ಅದರ ಹೆಬ್ಬಾಗಿಲು. ಅಲ್ಲಿ ಒಲೆಯ ಹೊಗೆ ಕುಡಿದು ಬದುಕುವ ಹೊಗೆಮೂತಿ ಇದ್ದ. ಮೆಟ್ಟಿಲುಗಳನ್ನು ಕಡಲೆಯಂತೆ ಕಡಿಯುವ ಕಟಕಟರಾಯ ಇದ್ದ. ಅವರೆಲ್ಲರ ರಾಜ ಗಂಟಾಸುರ. ಅವನು ಮುಟ್ಟಿದರೆ ಬಗಲಲ್ಲಿ, ತೊಡೆಯ ಸಂದಿಯಲ್ಲಿ ಗಂಟು ಏಳುತ್ತದೆ, ಮೈ ಸುಡುತ್ತದೆ. ಮಹಡಿಯ ಮೇಲಿನ ಗೆಳತಿ ಸುಲಭಾಳೂ ಪಾರವ್ವನೂ ತಲೆಗೆ ಬೋಗುಣಿ ಕವುಚಿಕೊಂಡು, ಸವಟನ್ನು ಕತ್ತಿಯಂತೆ, ಜೋಳ ಕೇರುವ ಮರವನ್ನು ಗುರಾಣಿಯಂತೆ ಹಿಡಿದು ದಿನಾಲೂ ಯುದ್ಧಕ್ಕೆ ಹೋಗುತ್ತಿದ್ದರು. ಪಾರವ್ವನ ಸೊಂಟದ ಮೇಲೆ ಕಾಡಪ್ಪ ಇರುತ್ತಿದ್ದ. ಅವನು ಯುವರಾಜ. ಯುವರಾಜನಿಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಚಟ.

ಸುಲಭಾಳ ಮನೆಯಲ್ಲೇ ಇದ್ದ ಅವಳ ಸೋದರತ್ತೆ ಇಂದೂಬಾಯಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಧಾರವಾಡದ ಹೆಣ್ಣುಮಗಳು. ಒಂದು ದಿನ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ ಅವಳು ಕೇಳಿದಳು:

"ಏನವಾ ಸೇನಾಪತಿ, ನಿಮ್ಮ ಗಂಟಾಸುರ ಮನೀಂದ ಮನೀಗೆ ಹ್ಯಾಂಗ ಹೋಗತಾನ?"

"ಅವಗ ತಾಳಿಮರದಷ್ಟು ಉದ್ದನ್ನ ಕಾಲ ಅದಾವ್ರಿ!" ಎಂದಳು ಪಾರವ್ವ.

"ಸುಳ್ಳು. ಅವಗ ಕಾಲs ಇಲ್ಲ."

"ಕಾಲಿಲ್ಲದ ರಾಕ್ಷಸ ಎಂಥಾ ರಾಕ್ಷಸರೀ?"

"ಅದಕ್ಕs ಅವಗ ಕುದುರಿ ಬೇಕು. ಇಲಿ ಅವನ ಕುದುರಿ. ಇಲಿ ಮೈಮ್ಯಾಲಿನ ಚಿಗಟದ ಹೊಟ್ಟ್ಯಾಗ ಕೂತಿರತಾನ. ಇಲಿ ಸತ್ತು ತಣ್ಣಗಾತು ಅಂದ್ರ ಆ ಚಿಗಟ ಟಣ್ಣನ ಜಿಗದು ಬಿಸಿ ಮೈ ಹುಡುಕತದ. ನಂದು, ನಿಂದು, ಈ ಯುವರಾಜಂದು."

"ಮತ್ತ ಅವನ್ನ ಹ್ಯಾಂಗ ಸೋಲಸೂದು ಅತ್ಯಾ?" ಸುಲಭಾ ಕೇಳಿದಳು.

"ಸತ್ತ ಕುದುರೀನ ಮುಟ್ಟಬಾರದು, ಮುಚ್ಚಿಡಬಾರದು. ಎಲ್ಲಾರಿಗೂ ಕೇಳೂಹಂಗ ಕೂಗಬೇಕು."

ಅಂದಿನಿಂದ ಪಾತಾಳಪೇಟೆಯಲ್ಲಿ ಅದೇ ಕಾನೂನಾಯಿತು.

ಒಂದು ಮುಂಜಾನೆ ಪಾರವ್ವ ಜೋಳ ತರಲು ಕತ್ತಲೆ ಕೋಣೆಗೆ ಹೋದಳು. ಬಿಲದ ಬಾಯಲ್ಲಿ ಒಂದು ದೊಡ್ಡ ಇಲಿ ಹಲ್ಲು ಕಿಸಿದುಕೊಂಡು ಬಿದ್ದಿತ್ತು. ಕಾನೂನಿನಂತೆ ಅವಳು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಆಯಿಯ ಕೈ ಬಾಯಿ ಮುಚ್ಚಿತು.

"ಉಸರ ಬಿಟ್ಟೀ ಅಂದ್ರ ನೋಡು! ಏನ ಕಂಡಿ ನೀ? ಏನೂ ಕಂಡಿಲ್ಲ."

"ಆಯಿ, ಇಂದೂಬಾಯಾರು ಹೇಳ್ಯಾರ..."

"ಆಕೀಗೇನ ಗೊತ್ತು? ಪಿಳೇಗ ಮೊದಲನೇ ಸಲಾ ಬಂದಾಗ ಯಾರೋ ಒಬ್ರು ಹಿಂಗs ಒದರಿದ್ರು. ಸರಕಾರದ ಮಂದಿ ಬೂಟಗಾಲಲೆ ದೇವರ ಮನೀತನಕಾ ಬಂದ್ರು. ನಿಮ್ಮ ಮುತ್ಯಾನ್ನ ಗಾಡ್ಯಾಗ ಹಾಕ್ಕೊಂಡು ಹೋದ್ರು. ತಿರುಗಿ ಮಾರಿ ಸೈತ ನೋಡಲಿಲ್ಲ ನಾ." ಆಯಿ ಮೊಮ್ಮಗಳ ಭುಜ ಹಿಡಿದು ತನ್ನತ್ತ ತಿರುಗಿಸಿದಳು. "ಈ ಮನ್ಯಾಗ ಇಲಿ ಸತ್ತಿಲ್ಲ. ತಿಳೀತಿಲ್ಲೋ?"

ಚನ್ನಬಸವ್ವ ಬಾಗಿಲಲ್ಲಿ ನಿಂತು, "ಅತ್ತೀ, ಕೂಸೈತ್ರಿ ಮನ್ಯಾಗ. ಇಂದೂಬಾಯಾರನ್ನ ಕೇಳೂಣ್ರಿ," ಎಂದಳು. "ನೀ ರೊಟ್ಟಿ ಬಡಿ ಹೋಗು," ಎಂದಳು ಆಯಿ.

ಆಯಿ ತನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರೊಂದನ್ನು ತಂದಳು. ಇಲಿಯನ್ನು ಅದರಲ್ಲಿ ಕಟ್ಟಿ, ಚಿಮಟದಿಂದ ಹಿಡಿದು, ಮಹಡಿ ಹತ್ತಿ ಸುಲಭಾಳ ಮನೆಯ ಬಾಗಿಲಲ್ಲಿ ಮೆಲ್ಲಗೆ ಇಟ್ಟು ಬಂದಳು. ಇಂದೂಬಾಯಿ ಆಗಲೇ ದವಾಖಾನೆಗೆ ಹೋಗಿದ್ದಳು.

ಬಿಸಿಲೇರುವ ಹೊತ್ತಿಗೆ ಸುಲಭಾ ಓಡಿ ಬಂದಳು.

"ಪಾರೂ, ಗಂಟಾಸುರ ಬಂದಾನ! ಕೆಂಪ ರುಮಾಲ ಸುತಗೊಂಡು ನಮ್ಮ ಬಾಗಲದಾಗ ಕೂತಿದ್ದ."

"ಈಗ ಎಲ್ಲಿ ಅದಾನ?"

"ಅಪ್ಪ ಕೋಲಲೆ ಎತ್ತಿ ದರ್ಜಿಯವರ ಮನೀ ಮುಂದ ಇಟ್ಟು ಕಚೇರಿಗೆ ಹೋದ್ರು. ಯಾರಿಗೂ ಹೇಳಬ್ಯಾಡ ಅಂದಾರ."

ಗೆಳತಿಯರು ಬೋಗುಣಿ ತಲೆಗೆ ಹಾಕಿಕೊಂಡು ಬೆನ್ನಟ್ಟಿದರು. ಅಂದಿನ ಯುದ್ಧದಲ್ಲಿ ನಗು ಇರಲಿಲ್ಲ. ದರ್ಜಿಯ ಹೊಸ್ತಿಲು ಆಗಲೇ ಖಾಲಿ. ಅವನ ಹೆಂಡತಿ ಕೈ ತೊಳೆಯುತ್ತ, ಕೇಳದಿದ್ದರೂ "ಆಮಚಾ ನಾಹೀ" ಎಂದಳು. ಕೆಂಪು ಗಂಟು ಪೂಜಾರಿಯ ಮನೆಯ ಕಟ್ಟಿಗೆ ರಾಶಿಯ ಮೇಲಿತ್ತು. ಇವರು ಕಂಬದ ಮರೆಯಲ್ಲಿ ಬಗ್ಗಿ ನೋಡುತ್ತಿದ್ದಂತೆ ಪೂಜಾರಿ ಹೊರಗೆ ಬಂದ, ಅತ್ತಿತ್ತ ನೋಡಿದ, ಸೆಗಣಿ ಬುಟ್ಟಿಯಲ್ಲಿ ಅದನ್ನು ಮುಚ್ಚಿಕೊಂಡು ಬಾವಿಯ ಆಚೆಗೆ ನಡೆದ. ಹಿಡಿಯಲು ಅನುಕೂಲವಾದ ಗಂಟು ಅದು. ಯಾರೂ ಬಿಚ್ಚಲಿಲ್ಲ, ಎಲ್ಲರೂ ದಾಟಿಸಿದರು.

ಪಾರವ್ವ ತಟ್ಟನೆ ನಿಂತಳು. "ಸುಲೂ, ಗಂಟಾಸುರ ಕಾಲಿಲ್ಲದs ಇಡೀ ವಾಡೇ ತಿರಗಾಕತ್ಯಾನ. ಸತ್ತ ಕುದುರಿ ಮ್ಯಾಲೆ."

"ಅದ್ಹ್ಯಾಂಗ?"

"ನಾವs ಹೊತಗೊಂಡು ತಿರಗಾಕತ್ತೇವಲ್ಲ!"

ಹೊತ್ತು ಇಳಿಯುವಾಗ ಅವಳು ಮನೆಗೆ ಮರಳಿದಳು. ಅಂಗಳದಿಂದಲೇ ಕಂಡಿತು. ಯಾರೋ ಕೆಂಪು ಗಂಟನ್ನು ತಂದು ಅವರದೇ ಕಟ್ಟೆಯ ಮೇಲೆ ಇಟ್ಟಿದ್ದರು. ಕಾಡಪ್ಪ ಕಿಲಕಿಲ ನಗುತ್ತ ಹೊಸ್ತಿಲು ದಾಟಿ ಅದರತ್ತಲೇ ಅಂಬೆಗಾಲಿಡುತ್ತಿದ್ದ. ಕೆಂಪು ಬಣ್ಣ ಅವನಿಗೆ ಬಲು ಇಷ್ಟ. ಕೈ ಚಾಚಿದ.

ಪಾರವ್ವ ಹಾರಿ ತಮ್ಮನ ಅಂಗಿ ಹಿಡಿದು ಹಿಂದಕ್ಕೆಳೆದಳು. ಕೂಸು ಕಿರುಚಿತು. ಕೈಯಲ್ಲಿದ್ದ ಮರವನ್ನು ಗಂಟಿನ ಮೇಲೆ ಕವುಚಿ, ತಮ್ಮನನ್ನು ಅವುಚಿಕೊಂಡು ಅಂಗಳದ ನಡುವೆ ಓಡಿ ನಿಂತಳು. ಆ ವಾಡೆ ಎಂದೂ ಕೇಳದ ಮಾತನ್ನು ಎದೆ ತುಂಬಿ ಕೂಗಿದಳು:

"ನಮ್ಮ ಮನ್ಯಾಗ ಇಲಿ ಸತ್ತೈತಿ! ಅದು ನಮ್ಮ ಇಲಿ! ನಮ್ಮದು!"

ಬಾಗಿಲುಗಳು ತೆರೆದವು. ಆಯಿ ಕೈ ಎತ್ತಿಕೊಂಡೇ ಬಂದಳು. "ಮನೀ ಮಾನಾ ಕಳೀತೀ ಏನs ಹುಚ್ಚೀ?"

ಪಾರವ್ವ ಹಿಂದೆ ಸರಿಯಲಿಲ್ಲ. "ಹೊಡಿ ಆಯಿ. ಆದ್ರ ಮೊದಲ ಮರದ ಕೆಳಗ ಏನೈತಿ ನೋಡು. ಕಾಡ್ಯಾ ಅದನ್ನ ಬಾಯಾಗ ಇಟಗೋತಿದ್ದ."

ಆಯಿ ತಿರುಗಿದಳು. ಮರದ ಅಂಚಿನಿಂದ ಕೆಂಪು ಸೆರಗು ಇಣುಕುತ್ತಿತ್ತು. ವಾಡೆಯಲ್ಲಿ ಆ ಸೆರಗು ಅವಳದಲ್ಲದೆ ಬೇರೆ ಯಾರದೂ ಅಲ್ಲ. ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು. ಅವಳು ಅಂಗಳದ ಕಲ್ಲಿನ ಮೇಲೆ ಕುಳಿತಳು.

ದವಾಖಾನೆಯಿಂದ ಆಗತಾನೆ ಬಂದ ಇಂದೂಬಾಯಿ ಎಲ್ಲ ಕೇಳಿದಳು. ಕೂಸಿನ ಕೈಕಾಲು ತೊಳೆಸಿ, ಅಂಗಿ ಬದಲಿಸಿ, ಆ ಅಂಗಿಯನ್ನು ಕುದಿಯುವ ನೀರಿಗೆ ಹಾಕಿಸಿದಳು. ಮಕ್ಕಳನ್ನು ದೂರ ನಿಲ್ಲಿಸಿ ಮರ, ಗಂಟು ಎರಡರ ಮೇಲೂ ಘಾಸಲೇಟ್ ಎಂಬ ಸೀಮೆಎಣ್ಣೆ ಸುರಿದು, ಉದ್ದನೆಯ ಚಿಮಟದಿಂದ ಹಿಡಿದು ಬಯಲಲ್ಲಿ ಸುಟ್ಟಳು. ಪಾರವ್ವನ ಗುರಾಣಿಯೂ ಸುಟ್ಟಿತು.

"ಈಗ ಸರಕಾರದವರು ಬರತಾರೇನು?" ಆಯಿ ಸಣ್ಣ ದನಿಯಲ್ಲಿ ಕೇಳಿದಳು.

"ನಿಮ್ಮ ಯಜಮಾನರಿಗೆ ಆದದ್ದು ತಪ್ಪು, ಬಸವಣ್ಣೆವ್ವನವರ. ಅದನ್ನ ನಾ ಅಲ್ಲಗಳಿಯೂದಿಲ್ಲ. ಆದ್ರ ಈಗ ಹಂಗ ಯಾರನ್ನೂ ಎಳಕೊಂಡು ಹೋಗೂದಿಲ್ಲ. ನಾವs ಮನಿ ಬಿಟ್ಟು ಬಯಲಿಗೆ ಹೋಗೋಣು. ನಾಳೆ ದವಾಖಾನ್ಯಾಗ ಪ್ಲೇಗಿನ ಸೂಜಿ ಹಾಕಿಸಿಕೊಳ್ಳೋಣು."

"ಆ ಸೂಜಿಯಿಂದs ಮಂದಿ ಸಾಯತಾರಂತ."

"ಸೂಜೀಲೆ ಒಂದೆರಡು ದಿನಾ ಜ್ವರ ಬರತದ, ತೋಳು ಬಾಯತದ. ಬ್ಯಾನೀ ಬಂದ್ರ ಗಂಟು ಬಾಯತದ, ಜೀವಾ ಹೋಗತದ. ಎಲ್ಲಾರೂ ಉಳೀತಾರ ಅಂತ ನಾ ಆಣಿ ಮಾಡೂದಿಲ್ಲ. ಆದ್ರ ಸೂಜಿ ಹಾಕಿಸಿಕೊಂಡವರಾಗ ಸಾಯೋರು ಭಾಳ ಕಡಿಮಿ. ಅದನ್ನ ನಾ ಕಣ್ಣಾರೆ ನೋಡೇನಿ."

ಆಯಿ ಎದ್ದು ಅಂಗಳದ ನಡುವೆ, ಮೊಮ್ಮಗಳ ಪಕ್ಕದಲ್ಲಿ ನಿಂತಳು.

"ಕೇಳ್ರಿ ಎಲ್ಲಾರೂ! ಮೊದಲ ಇಟ್ಟಾಕಿ ನಾನು. ಆಮ್ಯಾಲೆ ಎತ್ತಿಟ್ಟವರೆಲ್ಲಾ ಎದಿ ಮುಟಗೊಂಡು ನೋಡ್ರಿ. ಗಂಟಾಸುರನ್ನ ಮೆರವಣಿಗಿ ಮಾಡಿದ್ದು ಸಾಕು. ನಾಳೆ ಸೂಜಿಗೆ ಮೊದಲ ಈ ಮುದುಕಿ ತೋಳು. ಬರೂ ಧೈರ್ಯ ಇದ್ದವರು ಹಿಂದ ಬರ್ರಿ!"

ಮೊದಲು ಸುಲಭಾಳ ಅಪ್ಪ ಪ್ರಲ್ಹಾದರಾಯರು ತಲೆ ತಗ್ಗಿಸಿ "ಬರತೇವ್ರಿ" ಎಂದರು. ಆಮೇಲೆ ದರ್ಜಿಯ ಹೆಂಡತಿ. ಪೂಜಾರಿ ಹಿಂದುಮುಂದು ನೋಡಿದ. ಅವನ ಹೆಂಡತಿ ನೋಡಲಿಲ್ಲ.

ಮರುದಿನ ಎಲ್ಲರೂ ಸೂಜಿ ಹಾಕಿಸಿಕೊಂಡರು; ಜ್ವರ ಬಂತು, ಹೋಯಿತು. ಪರ್ವತಿ ಗುಡ್ಡದ ಆಚೆ ಬಯಲಿನಲ್ಲಿ ಗುಡಿಸಲುಗಳೆದ್ದವು. ಅಲ್ಲಿ ಬಿಲವಿಲ್ಲ, ಕತ್ತಲೆ ಕೋಣೆಯಿಲ್ಲ, ದಿನವಿಡೀ ಬಿಸಿಲು. ಸುತ್ತಲ ವಾಡೆಗಳಿಂದ ಆ ಚಳಿಗಾಲ ಹೆಣಗಳು ಹೋದವು. ಈ ವಾಡೆಯಿಂದ ಒಂದೂ ಹೋಗಲಿಲ್ಲ. ಬೇಸಿಗೆಯಲ್ಲಿ ಮರಳಿದಾಗ ಆಯಿ ತಾನೇ ನಿಂತು ಬಿಲಕ್ಕೆ ಗಾಜಿನ ಚೂರು ತುಂಬಿ ಗಾರೆ ಮೆತ್ತಿಸಿದಳು. ಜೋಳವನ್ನು ಮುಚ್ಚಳದ ಡಬ್ಬಿಗಳಿಗೆ ಸುರಿಸಿದಳು. ಮೊಮ್ಮಗಳಿಗೆ ಹೊಸ ಮರ ಕೊಡಿಸಿದಳು.

"ಇನ್ನ ಯಾರ ಮ್ಯಾಲೆ ಯುದ್ಧಾ ಮಾಡಲಿ ಆಯಿ? ಹೆಬ್ಬಾಗಲಾ ಮುಚ್ಚಿತಲ್ಲ?" ಎಂದಳು ಪಾರವ್ವ.

"ಹೊಗೀಮೂತಿ ಇನ್ನೂ ಅದಾನಲ್ಲ, ನಮ್ಮ ಅಡಗೀಮನ್ಯಾಗ. ಬಾ, ಇವತ್ತ ಅವನ್ನ ನೋಡಕೊಳ್ಳೂಣು," ಎಂದು ಆಯಿ ಸವಟು ಕೈಗೆತ್ತಿಕೊಂಡಳು.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಇಲಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಪಕ್ಕದವರ ಹೊಸ್ತಿಲಿಗೆ ಸರಿಸಬೇಡಿ. ಎಣ್ಣೆ ಸುರಿದು ಸುಡಿ, ಮನೆ ಬಿಡಿ, ಮಕ್ಕಳಿಗೂ ಹಿರಿಯರಿಗೂ ಸೂಜಿ ಹಾಕಿಸಿ. ಕಾಳು ಮುಚ್ಚಿಡಿ, ಇಲಿಯನ್ನು ಮುಚ್ಚಿಡಬೇಡಿ. ಮಕ್ಕಳು ರಾಕ್ಷಸರ ಆಟ ಆಡುವಾಗ ಗದರಿಸದೆ ಒಂದು ಗಳಿಗೆ ಕಿವಿಗೊಡಿ. ಗಂಟಾಸುರನಿಗೆ ಕಾಲಿಲ್ಲ. ಅವನನ್ನು ಹೊರಲು ನಮ್ಮ ಹೆಗಲನ್ನು ನಾವು ಕೊಡದಿರೋಣ. ಇಂದೇ ಅಂಗಳಕ್ಕೆ ಬಂದು ಗಟ್ಟಿಯಾಗಿ ಹೇಳಿ: "ಇದು ನಮ್ಮ ಇಲಿ."